ಕಾಜದಲ್ಲಿ ಅರ್ಧಕ್ಕೇ ನಿಂತ ಗುಂಡಿ: ಬರ್ನಿನಿಯ ಕಾರ್ಡಿನಲ್ ಬೋರ್ಗೇಸೆ ಶಿಲ್ಪವನ್ನು ಓದುವುದು ಹೇಗೆ?

ತುಂಗಾತೀರ ಕೇಳಿದ್ದು:

ಎಂ.ಎ. ಕಲಾ ಇತಿಹಾಸದ ಸೆಮಿನಾರಿಗೆ ಬರೊಕ್ ಕಾಲದ (ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಹೊತ್ತು) ಒಂದು ವ್ಯಕ್ತಿಶಿಲ್ಪವನ್ನು ಅದರ ಸಾಮಾಜಿಕ ಹಿನ್ನೆಲೆಯಲ್ಲಿ ವಿವರಿಸಬೇಕು. ಜಾನ್ ಲೊರೆಂಜೊ ಬರ್ನಿನಿ 1632ರಲ್ಲಿ ಕಡೆದ ಕಾರ್ಡಿನಲ್ (ಪೋಪ್‌ಗೆ ಕೆಳಗಿನ ಹಿರಿಯ ಪಾದ್ರಿ) ಶಿಪಿಯೋನೆ ಬೋರ್ಗೇಸೆಯ ಎದೆಮಟ್ಟದ ಶಿಲ್ಪ ಆಯ್ದುಕೊಂಡಿದ್ದೇನೆ. ರೋಮ್‌ನ ಬೋರ್ಗೇಸೆ ಗ್ಯಾಲರಿಯಲ್ಲಿದೆ, ಅಮೃತಶಿಲೆ. ಓದಿದ ಕಡೆಯೆಲ್ಲ "ಕಲ್ಲಿಗೆ ಜೀವ ಬಂದಿದೆ", "ವ್ಯಕ್ತಿಯ ಆತ್ಮವೇ ಕಾಣುತ್ತದೆ" ಅಂತ ಬರೆದಿದ್ದಾರೆ. ಅದನ್ನೇ ಇನ್ನೊಮ್ಮೆ ಬರೆದರೆ ಏನು ಪ್ರಯೋಜನ?

ನನ್ನ ತೊಡಕು ಇಷ್ಟು. ಒಂದು ಕಡೆ ಪೋಪ್, ಕಾರ್ಡಿನಲ್, ದುಡ್ಡು, ಅಧಿಕಾರದ ಇತಿಹಾಸ ಇದೆ. ಇನ್ನೊಂದು ಕಡೆ ಅರೆತೆರೆದ ತುಟಿ, ಓರೆಯಾದ ಟೋಪಿ, ಉಬ್ಬಿದ ಕೆನ್ನೆ ಇವೆ. ಎರಡನ್ನೂ ಬರೆಯಬಲ್ಲೆ, ಹೊಲಿಗೆ ಹಾಕಲು ಬರುತ್ತಿಲ್ಲ. ಅದೇ ಮುಖದ ಎರಡು ಶಿಲ್ಪಗಳು ಯಾಕಿವೆ ಅನ್ನುವುದನ್ನೂ ಯಾರಾದರೂ ಬಿಡಿಸಿ ಹೇಳಿ.

ಪಟ್ಟದಕಲ್ಲು ಉತ್ತರಿಸಿದ್ದು:

ಇಸವಿಯಿಂದ ಶುರು ಮಾಡಿ. ಹೊಲಿಗೆ ಬೀಳುವುದೇ ಅಲ್ಲಿ.

ಶಿಪಿಯೋನೆ ಹುಟ್ಟಿದ್ದು 1577ರಲ್ಲಿ, ಕಾಫರೆಲ್ಲಿ ಮನೆತನದಲ್ಲಿ. ತಾಯಿ ಒರ್ತೆನ್ಸಿಯಾ ಬೋರ್ಗೇಸೆ. ಆಕೆಯ ಸಹೋದರ ಕಮಿಲ್ಲೊ 1605ರಲ್ಲಿ ಐದನೆಯ ಪಾಲ್ ಎಂಬ ಹೆಸರಿನಲ್ಲಿ ಪೋಪ್ ಆದ. ಅದೇ ವರ್ಷ ಸೋದರಳಿಯನಿಗೆ ಬೋರ್ಗೇಸೆ ಹೆಸರು, ಲಾಂಛನ, ಕಾರ್ಡಿನಲ್‌ನ ಕೆಂಪು ಟೋಪಿ ಎಲ್ಲ ಒಟ್ಟಿಗೆ ಬಂದವು. "ಕಾರ್ಡಿನಲ್ ಅಳಿಯ" ಎನ್ನುವುದು ಆಗ ರೋಮ್‌ನಲ್ಲಿ ಬಹುಮಟ್ಟಿಗೆ ಒಂದು ಹುದ್ದೆಯೇ. ಪೋಪ್‌ಗೆ ಮಕ್ಕಳಿರುವಂತಿಲ್ಲ, ಆಳುವ ಕಾಲವೂ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಅಷ್ಟರೊಳಗೆ ನಂಬಿಕೆಯ ರಕ್ತಸಂಬಂಧಿ ಆಡಳಿತ ನೋಡಿಕೊಳ್ಳಬೇಕು, ಮನೆತನಕ್ಕೆ ಆಸ್ತಿ ಮಾಡಬೇಕು. ಇಟಲಿಯ "ನಿಪೋತೆ" (ಸೋದರಳಿಯ) ಎಂಬ ಮಾತಿನಿಂದಲೇ ನೆಪೊಟಿಸಂ (ಸ್ವಜನಪಕ್ಷಪಾತ) ಎಂಬ ಪದ ಬಂದದ್ದು. ಸೋದರಳಿಯ ಎಂದ ತಕ್ಷಣ ನಮ್ಮ ಕರಾವಳಿಯ ಅಳಿಯಸಂತಾನ ನೆನಪಾಗಬಹುದು. ಆದರೆ ಇಲ್ಲಿ ವಂಶ ಹೆಣ್ಣಿನ ಕಡೆಯಿಂದ ನಡೆಯಲಿಲ್ಲ. ಮನೆತನದ ವಾರಸುದಾರ ಪೋಪ್‌ನ ಸಹೋದರನ ಮಗ ಮಾರ್ಕಾಂತೋನಿಯೊ. ಶಿಪಿಯೋನೆಯದು ಚರ್ಚಿನ ಕಡೆಯ ಪಾಲು.

ಆ ಪಾಲೂ ಸಣ್ಣದಲ್ಲ. 1612ರ ಹೊತ್ತಿಗೆ ಅವನ ವರ್ಷದ ವರಮಾನ ಸುಮಾರು 1,40,000 ಸ್ಕೂದಿ (ಆಗಿನ ರೋಮ್‌ನ ನಾಣ್ಯ) ಎಂದು ಹೇಳುತ್ತಿದ್ದರು. ಕಲಾಕೃತಿ ಕೂಡಿಹಾಕಿದ ರೀತಿಯನ್ನೂ ನೋಡಿ. 1607ರಲ್ಲಿ ಕವಾಲಿಯೇರ್ ದಾರ್ಪಿನೊ ಎಂಬ ಚಿತ್ರಕಾರನ ಮನೆಯಿಂದ ಜಪ್ತಿಯಾದ ನೂರಕ್ಕೂ ಹೆಚ್ಚು ಚಿತ್ರಗಳು ಇವನ ಕೈ ಸೇರಿದವು. 1608ರಲ್ಲಿ ಪೆರೂಜಾದ ಚರ್ಚಿನಲ್ಲಿದ್ದ ರಾಫೆಲ್‌ನ ಚಿತ್ರವನ್ನು ರಾತ್ರೋರಾತ್ರಿ ತರಿಸಿಕೊಂಡ. ಊರಿನವರು ರೊಚ್ಚಿಗೆದ್ದರೂ ಅದು ಹಿಂದಿರುಗಲಿಲ್ಲ. ಇಪ್ಪತ್ತರ ಹರೆಯದ ಬರ್ನಿನಿಯಿಂದ "ಅಪೊಲೊ ಮತ್ತು ದಾಫ್ನೆ", "ದಾವಿದ್" ಕಡೆಸಿದವನೂ ಇವನೇ.

ಈಗ 1632ಕ್ಕೆ ಬನ್ನಿ. ಸೋದರಮಾವ 1621ರಲ್ಲಿ ತೀರಿಕೊಂಡು 11 ವರ್ಷ. ನಡುವೆ ಹದಿನೈದನೆಯ ಗ್ರೆಗೊರಿ ಬಂದುಹೋದ. ಅವನ ಕಾಲದಲ್ಲಿ, 1622ರಲ್ಲಿ, ಶಿಪಿಯೋನೆ ಬರ್ನಿನಿಯ "ಪ್ಲೂಟೊ ಮತ್ತು ಪ್ರೊಸೆರ್ಪಿನಾ"ವನ್ನು ಹೊಸ ಕಾರ್ಡಿನಲ್ ಅಳಿಯ ಲುದೊವೀಸಿಗೆ ಉಡುಗೊರೆ ಕೊಟ್ಟ. ಅಧಿಕಾರ ಕೈಬದಲಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. 1623ರಿಂದ ಬಾರ್ಬೆರೀನಿ ಮನೆತನದ ಎಂಟನೆಯ ಅರ್ಬನ್ ಪೋಪ್, ಬರ್ನಿನಿ ಅವನ ಶಿಲ್ಪಿ. ಸಂತ ಪೀಟರ್ ಚರ್ಚಿನ ಕಂಚಿನ ಮಂಟಪದ ಕೆಲಸ ಮುಗಿಯುವ ಹಂತದಲ್ಲಿತ್ತು. ಅಂಥ ಹೊತ್ತಿನಲ್ಲಿ ಆತ ಹಳೆಯ ಧಣಿಯ ಮುಖ ಕಡೆಯಲು ಕೂತ. ಆಗ ಶಿಪಿಯೋನೆಗೆ 55 ವರ್ಷ, ಮುಂದಿನ ವರ್ಷದ ಅಕ್ಟೋಬರ್‌ನಲ್ಲಿ ತೀರಿಕೊಂಡ.

ಹಾಗಾಗಿ "ಅಧಿಕಾರದ ಶಿಖರದಲ್ಲಿದ್ದ ಕಾರ್ಡಿನಲ್‌ನ ದರ್ಪ" ಎಂದು ಬರೆದರೆ ಇಸವಿಯೇ ನಿಮಗೆ ಎದುರಾಗುತ್ತದೆ. ಶಿಲ್ಪದಲ್ಲಿರುವುದು ಅಧಿಕಾರ ಕಳೆದುಕೊಂಡೂ ಸಂಪತ್ತು, ಸ್ಥಾನ, ಸ್ನೇಹ ಉಳಿಸಿಕೊಂಡವನ ನಿರಾಳ. ತುಟಿ ಅರೆತೆರೆದಿದೆ, ಕಣ್ಣು ಪಕ್ಕದಲ್ಲಿರುವ ಯಾರನ್ನೋ ನೋಡುತ್ತಿದೆ. ಆ ಯಾರೋ ಒಬ್ಬರು ಅವನ ಜೊತೆ ಮಾತನಾಡುವಷ್ಟು ಹತ್ತಿರದವರು. ಶಿಲ್ಪದ ಮುಂದೆ ನಿಂತವರಿಗೆ ಆ ಜಾಗ ಸಿಗುತ್ತದೆ. ಗೋರಿಯ ಗೂಡಿನಲ್ಲಿ ಕೈಮುಗಿದು ಕೂತ ಕಾರ್ಡಿನಲ್‌ಗಳ ಶಿಲ್ಪ ರೋಮ್‌ನಲ್ಲಿ ಬೇಕಾದಷ್ಟಿವೆ. ಅವು ಯಾರ ಜೊತೆಗೂ ಹೀಗೆ ಮಾತಿಗಿಳಿಯುವುದಿಲ್ಲ.

ಉಳಿಪೆಟ್ಟು ಉತ್ತರಿಸಿದ್ದು:

ಮೇಲಿನ ಉತ್ತರ ಒಪ್ಪುತ್ತೇನೆ. ಕಲ್ಲಿನ ಕಡೆಯಿಂದ ನಾನು ಹೇಳುತ್ತೇನೆ, ಯಾಕೆಂದರೆ "ನಿರಾಳ" ಎನ್ನುವುದನ್ನು ಕಲ್ಲಿನಲ್ಲಿ ತರಲು ಬಹಳ ಲೆಕ್ಕಾಚಾರ ಬೇಕು.

ಎದೆಯ ಗುಂಡಿಗಳ ಸಾಲನ್ನು ಹಿಗ್ಗಿಸಿ ನೋಡಿ. ಮೊಜೆಟ್ಟಾ ಎಂಬ ಆ ಗಿಡ್ಡ ಮೇಲಂಗಿಯಲ್ಲಿ ಒಂದು ಗುಂಡಿ ಕಾಜದೊಳಗೆ ಅರ್ಧ ಮಾತ್ರ ಹೋಗಿ ನಿಂತಿದೆ. ಅದನ್ನು ಕಡೆಯಲು ಶಿಲ್ಪಿ ಅಲ್ಲಿ ಮೊದಲೇ ಕಲ್ಲು ಉಳಿಸಿಕೊಂಡಿರಬೇಕು, ಕಾಜದ ಅಂಚನ್ನು ಗುಂಡಿಯ ಮೇಲೆ ತೆಳ್ಳಗೆ ಹತ್ತಿಸಬೇಕು, ಕೆಳಗಿನ ಸಂದನ್ನು ಸಣ್ಣ ಬೈರಿಗೆಯಿಂದ ಕೊರೆದು ನೆರಳು ಮಾಡಬೇಕು. ಸರಿಯಾಗಿ ಕೂತ ಗುಂಡಿಗಿಂತ ಕೂರದ ಗುಂಡಿಗೆ ಹೆಚ್ಚು ಕೆಲಸ. ಅವಸರದಲ್ಲಿ ಬಟ್ಟೆ ತೊಟ್ಟ ದಪ್ಪ ಮೈಯ ಮನುಷ್ಯ ಎಂಬ ಭಾವನೆ ಹುಟ್ಟುವುದು ಆ ಲೆಕ್ಕದಿಂದ. ಬಟ್ಟೆಯ ಮಡಿಕೆ ಮುರಿದು ಬೆಳಕು ಅಲ್ಲಲ್ಲಿ ತುಂಡಾಗುವುದರಿಂದ ಕೆಳಗಿನ ಮೈ ಈಗಷ್ಟೇ ತಿರುಗಿದ ಹಾಗೆ ಕಾಣುತ್ತದೆ.

ಬಣ್ಣದ ಸಮಸ್ಯೆ ಇನ್ನೊಂದು. 1665ರಲ್ಲಿ ಪ್ಯಾರಿಸ್‌ಗೆ ಹೋದಾಗ ಬರ್ನಿನಿ ಆಡಿದ ಮಾತುಗಳನ್ನು ಶಾಂತೆಲೂ ಎಂಬ ಅಧಿಕಾರಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಒಬ್ಬ ಮನುಷ್ಯ ಕೂದಲು, ಗಡ್ಡ, ತುಟಿಗೆಲ್ಲ ಬಿಳಿ ಬಳಿದುಕೊಂಡರೆ ದಿನಾ ನೋಡುವವರಿಗೂ ಗುರುತು ಸಿಗುವುದು ಕಷ್ಟ. ಅಮೃತಶಿಲೆಯ ಮುಖದ ಪಾಡೂ ಅದೇ ಎಂಬುದು ಅವನ ವಾದ. ಅದಕ್ಕೆ ಅವನ ಪರಿಹಾರ: ಕಣ್ಣಿನ ಸುತ್ತ ಚರ್ಮ ಕಪ್ಪಾಗಿದ್ದರೆ ಕಲ್ಲಿನಲ್ಲಿ ಆ ಜಾಗವನ್ನು ಇರುವುದಕ್ಕಿಂತ ಆಳ ಮಾಡು, ನೆರಳು ಬಣ್ಣದ ಕೆಲಸ ಮಾಡುತ್ತದೆ. ಬಾಯಿಯನ್ನು ಮಾತಾಡುವ ಮುಂಚಿನ ಅಥವಾ ಮಾತು ಮುಗಿದ ಮರುಗಳಿಗೆಯಲ್ಲಿ ಹಿಡಿಯಬೇಕು ಎಂದದ್ದೂ ಅಲ್ಲೇ. ಅಂದರೆ ಇದ್ದದ್ದನ್ನು ಇದ್ದ ಹಾಗೆ ಕಡೆದರೆ ಹೋಲಿಕೆ ಬರುವುದಿಲ್ಲ. ಪಾಪೆಯನ್ನೂ ಕೊರೆದು ಗುಳಿ ಮಾಡುತ್ತಾರೆ, ಅಂಚಿನಲ್ಲಿ ಒಂದು ಚೂರು ಕಲ್ಲು ಬಿಟ್ಟರೆ ಅದೇ ಕಣ್ಣಿನ ಹೊಳಪು.

ಇನ್ನು ಎರಡು ಶಿಲ್ಪಗಳ ವಿಷಯ. ಮೊದಲನೆಯದು ಮುಗಿಯುವ ಹಂತದಲ್ಲಿ ಹಣೆಯ ಮಟ್ಟದಲ್ಲಿ ಬಿರುಕು ಕಾಣಿಸಿಕೊಂಡಿತು, ಇವತ್ತೂ ಆ ಗೆರೆ ಕಣ್ಣಿಗೆ ಬೀಳುತ್ತದೆ. ಇಂಥ ದೋಷಕ್ಕೆ ಇಟಲಿಯ ಶಿಲ್ಪಿಗಳ ಮಾತಿನಲ್ಲಿ "ಪೇಲೊ", ಅಂದರೆ ಕೂದಲು. ಕಲ್ಲಿನ ಒಳಗೆ ಮೊದಲೇ ಇರುವ ಸಣ್ಣ ಎಳೆ ಅದು. ಕಲ್ಲು ದಪ್ಪ ಇರುವ ತನಕ ಸುಮ್ಮನಿರುತ್ತದೆ. ಉಳಿ ಏಟು, ಬೈರಿಗೆಯ ಅದುರು ಬಿದ್ದು ಸುತ್ತಲಿನ ಕಲ್ಲು ಕಡಿಮೆಯಾದಾಗ ತೆರೆದುಕೊಳ್ಳುತ್ತದೆ. ಅದಕ್ಕೇ ಕಲ್ಲು ಆರಿಸುವಾಗ ನೀರು ಸುರಿದು ಎಳೆ ನೋಡುತ್ತಾರೆ, ಸುತ್ತಿಗೆಯಿಂದ ತಟ್ಟಿ ದನಿ ಕೇಳುತ್ತಾರೆ. ಗಟ್ಟಿ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕಿದ್ದರೆ ಮಂಕು ಸದ್ದು. ನಮ್ಮ ಶಿಲ್ಪಿಗಳೂ ಕಲ್ಲಿನ ದನಿ ಕೇಳಿಯೇ ಆರಿಸುವುದು. ಆದರೂ ಒಳಗಿನ ಪ್ರತಿಯೊಂದು ಎಳೆಯೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ.

ಬರ್ನಿನಿ ಇನ್ನೊಂದು ಕಲ್ಲು ತಂದು ಎರಡನೆಯದನ್ನು ಕಡೆದ. ಎಷ್ಟು ಬೇಗ? 1682ರ ಬಾಲ್ದಿನೂಚಿಯ ಜೀವನಚರಿತ್ರೆಯ ಲೆಕ್ಕ ಹದಿನೈದು ರಾತ್ರಿ, 1713ರಲ್ಲಿ ಸ್ವಂತ ಮಗ ದೊಮೆನಿಕೊ ಕೊಡುವ ಲೆಕ್ಕ ಬರೀ ಮೂರು ದಿನ. ಮೊದಲು ಬಿರುಕಿನದನ್ನು ತೋರಿಸಿದನಂತೆ, ಕಾರ್ಡಿನಲ್ ಬೇಸರ ನುಂಗಿಕೊಂಡು ನಿಂತಾಗ ಎರಡನೆಯದರ ಮುಸುಕು ತೆಗೆದನಂತೆ. ಬಿರುಕೂ ಎರಡನೆಯ ಪ್ರತಿಯೂ ಕಣ್ಣೆದುರಿಗೇ ಇರುವ ಸಾಕ್ಷಿ. ಮುಸುಕಿನ ಪ್ರಸಂಗ ಜೀವನಚರಿತ್ರೆಕಾರರದು, ಅದನ್ನು ಅವರ ಹೆಸರಿನಲ್ಲೇ ಬರೆಯಿರಿ. ನನ್ನ ಕಣ್ಣಿಗೆ ಎರಡನೆಯದು ಸ್ವಲ್ಪ ಬಿಗಿ, ಮೊದಲನೆಯದರ ಮುಖದಲ್ಲಿ ಇರುವ ಮಾಂಸದ ಮೆತುವು ಅದರಲ್ಲಿ ಇಲ್ಲ.

ಸಂಬಳದ ಲೆಕ್ಕವನ್ನೂ ಬಿಡಬೇಡಿ: 1632ರ ಡಿಸೆಂಬರ್‌ನಲ್ಲಿ 500 ಸ್ಕೂದಿ ಪಾವತಿ.

ನೆರಳುಬೆಳಕು ಉತ್ತರಿಸಿದ್ದು:

ಹೋಲಿಕೆಗೆ ಬೇರೆ ಯಾವುದನ್ನೂ ಹುಡುಕಬೇಡಿ, ಜುಲಿಯಾನೊ ಫಿನೆಲ್ಲಿ ಕಡೆದ ಶಿಪಿಯೋನೆಯನ್ನೇ ಪಕ್ಕದಲ್ಲಿಡಿ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಹೆಚ್ಚುಕಡಿಮೆ ಅದೇ ಕಾಲದ್ದು. ಫಿನೆಲ್ಲಿ 1629ರವರೆಗೆ ಬರ್ನಿನಿಯ ಕಾರ್ಖಾನೆಯಲ್ಲೇ ಇದ್ದವನು. "ಅಪೊಲೊ ಮತ್ತು ದಾಫ್ನೆ"ಯಲ್ಲಿ ಮರವಾಗುತ್ತಿರುವ ದಾಫ್ನೆಯ ಬೆರಳಿನಿಂದ ಚಿಗುರುವ ಆ ತೆಳು ಎಲೆಗಳು ಅವನ ಕೈಕೆಲಸವೆಂದು ಪರಿಣತರು ಗುರುತಿಸುತ್ತಾರೆ. ಅವನ ಶಿಪಿಯೋನೆಯಲ್ಲಿ ಕೂದಲು, ಬಟ್ಟೆ ಒಂದೊಂದೂ ಅಚ್ಚುಕಟ್ಟು. ವ್ಯಕ್ತಿ ಅದೇ, ಹುದ್ದೆ ಅದೇ, ಉಡುಪು ಅದೇ. ಆದ್ದರಿಂದ ಎರಡರ ನಡುವೆ ಉಳಿಯುವ ವ್ಯತ್ಯಾಸವನ್ನು ಕಾರ್ಡಿನಲ್ ಹುದ್ದೆಯ ತಲೆಗೆ ಕಟ್ಟಲು ಬರುವುದಿಲ್ಲ. ಅದು ಶಿಲ್ಪಿಯ ಆಯ್ಕೆ ಮತ್ತು ಶಿಲ್ಪಿ–ಧಣಿ ಸಲಿಗೆಯ ವ್ಯತ್ಯಾಸ. ನ್ಯೂಯಾರ್ಕ್‌ನ ಮಾರ್ಗನ್ ಲೈಬ್ರರಿಯಲ್ಲಿ ಬರ್ನಿನಿ ಕೆಂಪು ಸೀಮೆಯಲ್ಲಿ ಬರೆದ ಶಿಪಿಯೋನೆಯ ಪಕ್ಕನೋಟದ ರೇಖಾಚಿತ್ರವೂ ಇದೆ. ಗಲ್ಲದ ಕೆಳಗಿನ ಭಾರ ಅದರಲ್ಲೇ ಸಿಕ್ಕಿಬಿಟ್ಟಿದೆ.

ತುಂಗಾತೀರ:

ಮೂವರಿಗೂ ಧನ್ಯವಾದ. ಒಂದು ಅನುಮಾನ ಉಳಿಯಿತು. ಬರ್ನಿನಿಯ ಕೊಸ್ತಾಂಜಾ ಶಿಲ್ಪದಲ್ಲೂ ತುಟಿ ತೆರೆದಿದೆ, ಅಂಗಿಯ ಎದೆ ಬಿಚ್ಚಿದೆ. ಅದನ್ನೂ "ನಿರಾಳ", "ಸಲಿಗೆ" ಎನ್ನಬಹುದೇ?

ನೆರಳುಬೆಳಕು:

ಅದೇ ಮಾತನ್ನು ಅಲ್ಲಿ ಬಳಸಬೇಡಿ. ಇವೆರಡನ್ನು ಎದುರುಬದುರು ಇಟ್ಟರೆ ನಿಮ್ಮ ಸೆಮಿನಾರ್ ಅರ್ಧ ಮುಗಿದಂತೆ.

ಕೊಸ್ತಾಂಜಾ ಶಿಲ್ಪ ಸುಮಾರು 1636–38ರದು, ಫ್ಲಾರೆನ್ಸ್‌ನ ಬಾರ್ಜೆಲ್ಲೊ ಮ್ಯೂಸಿಯಂನಲ್ಲಿದೆ. ಯಾರೂ ಹೇಳಿ ಮಾಡಿಸಿದ್ದಲ್ಲ, ಬರ್ನಿನಿ ತನಗಾಗಿ ಕಡೆದದ್ದು. ಆಕೆ ಅವನ ಕೈಕೆಳಗೆ ದುಡಿಯುತ್ತಿದ್ದ ಮತ್ತೇಯೊ ಬೊನಾರೆಲ್ಲಿ ಎಂಬ ಶಿಲ್ಪಿಯ ಹೆಂಡತಿ. ಅನೇಕ ಪುಸ್ತಕಗಳು "ಬರ್ನಿನಿಯ ಪ್ರೇಯಸಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. ಆಕೆಗೆ ಪಿಕೊಲೋಮಿನಿ ಎಂಬ ತವರಿನ ಹೆಸರಿತ್ತು. ಮುಂದೆ ಕಲಾಕೃತಿಗಳ ವ್ಯಾಪಾರ ನಡೆಸಿದಳು, 1662ರಲ್ಲಿ ತೀರಿಕೊಂಡಳು. ಇದನ್ನು ಬಿಟ್ಟರೆ ಶಿಲ್ಪದ ಅರ್ಥವೇ ಕುಂಟುತ್ತದೆ.

1638ರಲ್ಲಿ ತಮ್ಮ ಲುಯಿಜಿಗೂ ಆಕೆಯೊಡನೆ ಸಂಬಂಧ ಇದೆ ಎಂದು ತಿಳಿದ ಬರ್ನಿನಿ ತಮ್ಮನನ್ನು ಕಬ್ಬಿಣದ ಸರಳಿನಿಂದ ಹೊಡೆದ, ಆಳನ್ನು ಕಳಿಸಿ ಕೊಸ್ತಾಂಜಾಳ ಮುಖ ಕೊಯ್ಯಿಸಿದ. ಅವನಿಗೆ ಬಿದ್ದದ್ದು 3,000 ಸ್ಕೂದಿ ದಂಡ. ಅದನ್ನೂ ಪೋಪ್ ಅರ್ಬನ್ ಮನ್ನಾ ಮಾಡಿದ. ಮುಖಕ್ಕೆ ಗಾಯವಾದವಳನ್ನೇ ವ್ಯಭಿಚಾರದ ಹೆಸರಿನಲ್ಲಿ ಹೆಂಗಸರ ಬಂಧನಗೃಹಕ್ಕೆ ಕಳಿಸಿದರು. 1639ರಲ್ಲಿ ಆಕೆ ಹೊರಬಂದಳು, ಅದೇ ವರ್ಷ ಬರ್ನಿನಿ ಕತೆರಿನಾ ತೆಜಿಯೊಳನ್ನು ಮದುವೆಯಾದ.

ಈಗ ಕಲ್ಲು ನೋಡಿ. ಕಾರ್ಡಿನಲ್‌ನ ಸಡಿಲ ಗುಂಡಿ ಅವನ ಮಾನ ತೆಗೆಯಲಿಲ್ಲ. ಉಡುಪು ಅವನ ಸ್ಥಾನವನ್ನು ಮೊದಲೇ ಹೇಳಿಬಿಟ್ಟಿದೆ, ಅದರ ಮೇಲೆ ಒಂದು ಗುಂಡಿ ಜಾರಿದರೆ "ಎಷ್ಟು ಸರಳ ಮನುಷ್ಯ" ಎನ್ನುತ್ತಾರೆ. ಕೊಸ್ತಾಂಜಾಳ ಮೈಮೇಲೆ ಒಳಅಂಗಿ ಮಾತ್ರ. ಆ ಕಾಲದ ಮನೆತನಸ್ಥ ಹೆಣ್ಣಿನ ಶಿಲ್ಪದಲ್ಲಿ ಕಾಣುವ ಕಸೂತಿ ಕೊರಳಪಟ್ಟಿ, ಒಡವೆ, ಬಿಗಿದ ರವಿಕೆ ಯಾವುದೂ ಇಲ್ಲ. ಬರ್ನಿನಿಯ ಕಾರ್ಖಾನೆಯಲ್ಲೇ 1626ರಲ್ಲಿ ಫಿನೆಲ್ಲಿ ಕಡೆದ ಮರೀಯಾ ಬಾರ್ಬೆರೀನಿ ಶಿಲ್ಪ ಲೂವ್ರ್‌ನಲ್ಲಿದೆ. ಪೋಪ್‌ನ ಬಂಧು ಆಕೆ. ಅಲ್ಲಿ ಕೊರಳಿನ ಲೇಸನ್ನು ತೂತುತೂತಾಗಿ ಕೊರೆದು ಕಲ್ಲನ್ನೇ ಜಾಲರಿ ಮಾಡಿದ್ದಾನೆ. ಬಟ್ಟೆಗೆ ಅಷ್ಟು ಉಳಿಕೆಲಸ ಸುರಿದದ್ದು ಮನೆತನದ ಮರ್ಯಾದೆಗಾಗಿ. ಕೊಸ್ತಾಂಜಾಳ ಮುಖಕ್ಕೆ ಬಿದ್ದ ಉಳಿಕೆಲಸವೂ ಅಷ್ಟೇ ಸೂಕ್ಷ್ಮ, ಆದರೆ ಅದು ನೋಡುವ ಗಂಡಸಿನ ಸಲುವಾಗಿ. ಶಿಪಿಯೋನೆಯ ಸಡಿಲತೆ ಅವನ ಸ್ವಂತದ್ದು. ಕೊಸ್ತಾಂಜಾಳದ್ದು ಬರ್ನಿನಿ ತೆಗೆದುಕೊಂಡದ್ದು.

ಪಟ್ಟದಕಲ್ಲು:

ಕೊನೆಯ ಮಾತಿಗೆ ಸಣ್ಣ ತಕರಾರು. ಆಕೆಯ ನೋಟದಲ್ಲಿ ಒಂದು ಎಚ್ಚರ, ತಟಕ್ಕನೆ ತಿರುಗಿದ ಚುರುಕು ಇದೆ. ನೋಡುವವರ ಕೈಗೆ ಪೂರ್ತಿ ಸಿಗುವ ಮುಖ ಅದಲ್ಲ. 1638ರ ಕ್ರೌರ್ಯವನ್ನು ಅದಕ್ಕೂ ಮುಂಚಿನ ಕಲ್ಲಿನ ಮೇಲೆ ಹೊರಿಸುವಾಗ ಜೋಪಾನ ಬೇಕು. ಸಾಮಾಜಿಕ ಹಿನ್ನೆಲೆ ಎಂದರೆ ಆಮೇಲೆ ನಡೆದದ್ದನ್ನೆಲ್ಲ ಮುಖದಲ್ಲಿ ಹುಡುಕುವುದಲ್ಲ. ಯಾರು ಕಾಸು ಕೊಟ್ಟರು, ಎಲ್ಲಿ ಇಡುವುದಕ್ಕೆ, ಯಾರು ನೋಡುವುದಕ್ಕೆ, ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಮುಖಕ್ಕೆ ಬರಬೇಕು. ಉಳಿದದ್ದು ಒಪ್ಪಿಗೆ.

ಮೂರನೆಯ ಹೋಲಿಕೆಯಾಗಿ ಫ್ರಾನ್ಸಿನ ರಾಜ ಹದಿನಾಲ್ಕನೆಯ ಲೂಯಿಯನ್ನು ಸೇರಿಸಿ. 1665ರ ಶಿಲ್ಪ, ವರ್ಸೇಲ್ಸ್ ಅರಮನೆಯಲ್ಲಿದೆ. ಬರ್ನಿನಿ ರಾಜನನ್ನು ಮಂತ್ರಾಲೋಚನೆಯಲ್ಲಿ, ಟೆನಿಸ್ ಆಟದಲ್ಲಿ ನೋಡುತ್ತ ರೇಖಾಚಿತ್ರ ಮಾಡಿಕೊಂಡ. ಅವು ಮುಖವನ್ನು ಮನಸ್ಸಿಗೆ ಇಳಿಸಿಕೊಳ್ಳುವುದಕ್ಕಷ್ಟೆ, ಕಲ್ಲಿನ ಮುಂದೆ ಅವನ್ನು ಇಟ್ಟುಕೊಳ್ಳಲಿಲ್ಲ. ಹಣೆ ಕಾಣಲೆಂದು ರಾಜನ ಗುಂಗುರು ಕೂದಲನ್ನು ಪಕ್ಕಕ್ಕೆ ಸರಿಸಿದ. ಆಸ್ಥಾನದವರು ಅದನ್ನೇ ಅನುಕರಿಸಿದರಂತೆ. ಅಷ್ಟೆಲ್ಲ ಓಡಾಟದಲ್ಲಿ ಕಂಡ ರಾಜನಿಗೆ ಕೊನೆಗೆ ಸಿಕ್ಕದ್ದು ಮುಚ್ಚಿದ ತುಟಿ, ನೋಡುವವರ ತಲೆಯ ಮೇಲೆ ಹಾದುಹೋಗುವ ದೃಷ್ಟಿ, ಕವಚ, ಗಾಳಿಗೆ ಹಾರುವ ವಸ್ತ್ರ. ರಾಜ ಯಾರ ಜೊತೆಗೂ ಹರಟೆಗೆ ಕೂರುವುದಿಲ್ಲ. ಬರ್ನಿನಿಗೆ ಮಾತಾಡುವ ಬಾಯಿ ಕಡೆಯಲು ಬರುತ್ತಿತ್ತು, ಇಲ್ಲಿ ಬೇಕೆಂದೇ ಬಿಟ್ಟ. ಹಾಗಾಗಿ ಶಿಪಿಯೋನೆಯ ಬಾಯಿ ತೆರೆದದ್ದನ್ನು "ಬರೊಕ್ ಶೈಲಿ" ಎಂದು ತಳ್ಳಿಹಾಕಲಾಗದು.

ಎದುರಿಗೆ ಕೂರದವರನ್ನೂ ಕಡೆದಿದ್ದಾನೆ. ಮೊದೆನಾದ ದೊರೆ ಫ್ರಾಂಚೆಸ್ಕೊ ದೆಸ್ತೆಯ ಶಿಲ್ಪ (1650–51) ಬರೀ ಚಿತ್ರಗಳನ್ನು ನೋಡಿ ಮಾಡಿದ್ದು, ಸಂಭಾವನೆ 3,000 ಸ್ಕೂದಿ. ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್‌ನದು ಚಿತ್ರಕಾರ ವಾನ್ ಡೈಕ್ ಮೂರು ಕಡೆಯಿಂದ ಬರೆದು ಕಳಿಸಿದ ಚಿತ್ರದಿಂದ ಕಡೆದದ್ದು, 1698ರಲ್ಲಿ ಲಂಡನ್ನಿನ ವೈಟ್‌ಹಾಲ್ ಅರಮನೆಗೆ ಬಿದ್ದ ಬೆಂಕಿಯಲ್ಲಿ ಹೋಯಿತು. "ಆತ್ಮ ಹಿಡಿದ" ಎನ್ನುವವರು ಇವೆರಡಕ್ಕೆ ಏನು ಹೇಳುತ್ತಾರೋ ಕೇಳಿ ನೋಡಿ.

ಉಳಿಪೆಟ್ಟು:

ಬರೆಯುವ ಮುನ್ನ ನೋಡುವ ಕ್ರಮದ ಬಗ್ಗೆ ಎರಡು ಮಾತು, ಯಾಕೆಂದರೆ ಫೋಟೊ ನಂಬಿ ಕೆಡುವವರೇ ಹೆಚ್ಚು.

ಎದುರಿನಿಂದ ತೆಗೆದ ಒಂದೇ ಫೋಟೊ ಇಟ್ಟುಕೊಂಡು ಬರೆಯಬೇಡಿ. ಎರಡೂ ಪಕ್ಕ, ಎರಡೂ ಮುಕ್ಕಾಲು ನೋಟ, ಸಿಕ್ಕರೆ ಬೆನ್ನು, ಇಷ್ಟಾದರೂ ಬೇಕು. ಶಿಪಿಯೋನೆಯ ತಲೆ, ಟೋಪಿ, ಎದೆ ಒಂದೇ ದಿಕ್ಕಿಗಿಲ್ಲ. ಎದುರಿನ ಫೋಟೊದಲ್ಲಿ ಆ ತಿರುವು ಚಪ್ಪಟೆಯಾಗಿ ಬರೀ ದಪ್ಪ ಮುಖ ಉಳಿಯುತ್ತದೆ. ಫೋಟೊದಲ್ಲಿ ಬೆಳಕು ಯಾವ ಕಡೆಯಿಂದ ಎಂದು ಮೂಗಿನ ನೆರಳು ನೋಡಿ ಗುರುತು ಹಾಕಿಕೊಳ್ಳಿ. ಕೆಳಗಿನಿಂದ ಬೆಳಕು ಬಿಟ್ಟರೆ ಕಣ್ಣಿನ ಗುಳಿಗಳು ತುಂಬಿಹೋಗಿ ಆಗಲೇ ಹೇಳಿದ ನೆರಳಿನ ಆಟವೇ ಕೆಡುತ್ತದೆ. ಪ್ಲಾಸ್ಟರ್ ಅಚ್ಚು ನೋಡಿ ಚರ್ಮದ ಬಗ್ಗೆ ಬರೆಯಬೇಡಿ. ಅಮೃತಶಿಲೆಯಲ್ಲಿ ಬೆಳಕು ಒಂದಿಷ್ಟು ಒಳಗಿಳಿದು ವಾಪಸು ಬರುತ್ತದೆ, ಪ್ಲಾಸ್ಟರ್‌ನಲ್ಲಿ ಆ ಗುಣವಿಲ್ಲ.

ಬೆನ್ನು ಯಾಕೆ ಅಂದರೆ, ಇಂಥ ಶಿಲ್ಪಗಳಲ್ಲಿ ಬೆನ್ನನ್ನು ಟೊಳ್ಳು ಮಾಡಿ ನಡುವೆ ಒಂದು ಕಂಬದಂಥ ಆಧಾರ ಬಿಡುತ್ತಾರೆ. ಅಮೃತಶಿಲೆ ಒಂದು ಘನ ಮೀಟರಿಗೆ ಸುಮಾರು 2,700 ಕಿಲೊ ತೂಗುತ್ತದೆ. ಟೊಳ್ಳು ಮಾಡದಿದ್ದರೆ ಸಣ್ಣ ಪೀಠದ ಮೇಲೆ ಭಾರ ನಿಲ್ಲಿಸುವುದು ಕಷ್ಟ, ತೋಳಿನ ಅಂಚು ಬಟ್ಟೆಯಷ್ಟು ತೆಳ್ಳಗೆ ಕಾಣುವುದೂ ಇಲ್ಲ. ಅಲ್ಲಿ ಹಲ್ಲುಳಿಯ ಗೀರುಗಳು ಹಾಗೇ ಉಳಿದಿದ್ದರೆ ಶಿಲ್ಪ ಗೋಡೆಗೋ ಗೂಡಿಗೋ ಬೆನ್ನು ಕೊಟ್ಟು ನಿಲ್ಲಲೆಂದು ಮಾಡಿದ್ದು ಎಂದು ಊಹಿಸಬಹುದು. ಯಾರು, ಎಲ್ಲಿ ನಿಂತು ನೋಡುತ್ತಿದ್ದರು ಎಂಬ ಪ್ರಶ್ನೆಗೆ ಕಲ್ಲೇ ಕೊಡುವ ಉತ್ತರ ಇದು.

ಸೆಮಿನಾರಿಗೆ 20 ನಿಮಿಷ ಸಿಕ್ಕರೆ ಮೊದಲ ಐದು ನಿಮಿಷ ಆ ಗುಂಡಿಯ ಒಂದೇ ಚಿತ್ರ ಪರದೆಯ ಮೇಲೆ ಇರಲಿ. 1605, 1621, 1632 ಈ ಮೂರು ಇಸವಿ ಅದರ ಪಕ್ಕದಲ್ಲಿ. ಕೊಸ್ತಾಂಜಾ ಮತ್ತು ಲೂಯಿ ಆಮೇಲೆ ಬರಲಿ.